ಹೆವಿವೇಟ್ ಬಾಕ್ಸರ್‌ಗಳಲ್ಲಿ ಯಾರ ಗುದ್ದು ಹೆಚ್ಚು ಭಾರ: ನಿರ್ಣಯಿಸುವ ಬಗೆ

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಬೆಳಗಿನ ಓಟ ಮುಗಿಸಿ ಚಹಾದಂಗಡಿಯ ಮುಂದೆ ನಿಲ್ಲುವ ಹುಡುಗರ ನಡುವೆ ಒಂದು ವಾದ ಎಷ್ಟೋ ವರ್ಷಗಳಿಂದ ನಡೆದೇ ಇದೆ. ಮೈಕ್ ಟೈಸನ್ ಅವರ ಗುದ್ದು ಹೆಚ್ಚೋ, ಜಾರ್ಜ್ ಫೋರ್‌ಮನ್ ಅವರ ಗುದ್ದು ಹೆಚ್ಚೋ ಎಂಬುದು ಮೊದಲಿನ ಪ್ರಶ್ನೆಯಾಗಿತ್ತು. ಕೆಲವು ವರ್ಷಗಳಿಂದ ಡಿಯಾಂಟೆ ವೈಲ್ಡರ್ ಅವರ ಹೆಸರೂ ಅದಕ್ಕೆ ಸೇರಿದೆ. ವಾದ ಬಗೆಹರಿಯದಿರುವುದಕ್ಕೆ ಕಾರಣ ಹುಡುಗರ ಹಟವಲ್ಲ. ಒಬ್ಬನು ನಾಕೌಟ್‌ಗಳ ಶೇಕಡಾವಾರು ಲೆಕ್ಕ ಹಿಡಿದು ಮಾತಾಡುತ್ತಾನೆ, ಇನ್ನೊಬ್ಬನು ಯಾವುದೋ ಯಂತ್ರ ತೋರಿಸಿದ ಅಂಕಿಯನ್ನು ನಂಬುತ್ತಾನೆ, ಮತ್ತೊಬ್ಬನು ಮೊಬೈಲಿನಲ್ಲಿ ನೋಡಿದ ಒಂದೇ ಒಂದು ಹೊಡೆತವನ್ನು ಮರೆಯಲಾರದೆ ಅದನ್ನೇ ಸಾಕ್ಷಿಯಾಗಿ ಇಡುತ್ತಾನೆ. ಅಳತೆಗೋಲು ಮೂರಾದ ಮೇಲೆ ಉತ್ತರ ಒಂದಾಗುವುದು ಸಾಧ್ಯವಿಲ್ಲ. ಆದ್ದರಿಂದ ಯಾವ ಅಳತೆಗೋಲನ್ನು ಎಷ್ಟು ನಂಬಬಹುದು ಎಂಬುದನ್ನು ಮೊದಲು ನೋಡಿ, ಬಾಕ್ಸರ್‌ಗಳನ್ನು ಆಮೇಲೆ ಹೋಲಿಸುವುದು ಸರಿಯಾದ ಕ್ರಮ.

ನಾಕೌಟ್ ಶೇಕಡಾವಾರು ಎಲ್ಲರ ಕೈಗೂ ಸುಲಭವಾಗಿ ಸಿಗುವ ಅಂಕಿ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವ ಅಂಕಿಯೂ ಅದೇ. ಫೋರ್‌ಮನ್ 81 ಸ್ಪರ್ಧೆಗಳಲ್ಲಿ 76 ಗೆದ್ದು, ಅವುಗಳಲ್ಲಿ 68ನ್ನು ನಾಕೌಟ್‌ನಿಂದ ಮುಗಿಸಿದರು. ಒಟ್ಟು ಸ್ಪರ್ಧೆಗಳ ಲೆಕ್ಕದಲ್ಲಿ ಅದು ಶೇ. 84 ಆಗುತ್ತದೆ. ವಿಟಾಲಿ ಕ್ಲಿಚ್ಕೊ 47 ಸ್ಪರ್ಧೆಗಳಲ್ಲಿ 41 ನಾಕೌಟ್ ಗೆಲುವು ಪಡೆದರು, ಅದು ಶೇ. 87. ಜೋ ಲೂಯಿಸ್ ಅವರ 69 ಸ್ಪರ್ಧೆಗಳಲ್ಲಿ 52 ನಾಕೌಟ್‌ಗಳಿದ್ದು, ಶೇ. 75ರ ಸಮೀಪಕ್ಕೆ ನಿಲ್ಲುತ್ತದೆ. ಈ ಅಂಕಿಗಳನ್ನೇ ನಂಬಿದರೆ ವಿಟಾಲಿ ಕ್ಲಿಚ್ಕೊ ಅವರು ಫೋರ್‌ಮನ್‌ಗಿಂತಲೂ ಲೂಯಿಸ್‌ಗಿಂತಲೂ ಜೋರಾಗಿ ಗುದ್ದುತ್ತಿದ್ದರು ಎನ್ನಬೇಕಾಗುತ್ತದೆ, ಆದರೆ ಅವರ ಸ್ಪರ್ಧೆಗಳನ್ನು ನೋಡಿದವರು ಯಾರೂ ಹಾಗೆ ಹೇಳುವುದಿಲ್ಲ. ಅವರು ಎತ್ತರದ ಅನುಕೂಲದಿಂದ ಎದುರಾಳಿಯನ್ನು ದೂರವಿಟ್ಟು, ರೌಂಡಿನ ಮೇಲೆ ರೌಂಡು ಹೊಡೆದು ಸವೆಸಿ, ಕೊನೆಗೆ ರೆಫರಿಯೋ ಎದುರಾಳಿಯ ತರಬೇತುದಾರನೋ ಸ್ಪರ್ಧೆಯನ್ನು ನಿಲ್ಲಿಸುವಂತೆ ಮಾಡುತ್ತಿದ್ದರು. ದಾಖಲೆಯಲ್ಲಿ ಒಂದೇ ಗುದ್ದಿಗೆ ಪ್ರಜ್ಞೆ ತಪ್ಪಿ ಬಿದ್ದದ್ದೂ, ರೆಫರಿ ನಡುವೆ ಬಂದು ನಿಲ್ಲಿಸಿದ್ದೂ, ಸೋತವನು ಸ್ಟೂಲಿನಿಂದ ಏಳದೆ ಕುಳಿತದ್ದೂ ಒಂದೇ ಕಲಂನಲ್ಲಿ ನಾಕೌಟ್ ಎಂದು ಸೇರಿಕೊಳ್ಳುತ್ತವೆ. ಕೆನಡಾದ ಜಾರ್ಜ್ ಚುವಾಲೊ 93 ಸ್ಪರ್ಧೆಗಳಲ್ಲಿ ಒಮ್ಮೆಯೂ ನೆಲಕ್ಕೆ ಬೀಳಲಿಲ್ಲ. 1967ರಲ್ಲಿ ಜೋ ಫ್ರೇಜಿಯರ್ ಎದುರೂ 1970ರಲ್ಲಿ ಫೋರ್‌ಮನ್ ಎದುರೂ ಅವರು ನಿಂತಿರುವಾಗಲೇ ಸ್ಪರ್ಧೆ ನಿಂತಿತು. ಅವೂ ದಾಖಲೆಯಲ್ಲಿ ನಾಕೌಟ್‌ಗಳೇ.

ಇದಕ್ಕಿಂತ ದೊಡ್ಡ ತೊಂದರೆ ಎದುರಾಳಿಗಳ ಗುಣಮಟ್ಟದ್ದು. ವೃತ್ತಿಯ ಮೊದಲ ವರ್ಷಗಳಲ್ಲಿ ಹೆಚ್ಚಿನ ಬಾಕ್ಸರ್‌ಗಳಿಗೆ ಸೋಲಲೆಂದೇ ಕರೆತಂದ ಎದುರಾಳಿಗಳು ಸಿಗುತ್ತಾರೆ. ಅಂಥವರ ಮೇಲೆ ಪೇರಿಸಿದ ನಾಕೌಟ್‌ಗಳು ಬಲವನ್ನು ತೋರಿಸುವುದಕ್ಕಿಂತ ವ್ಯವಸ್ಥಾಪಕನ ಜಾಣ್ಮೆಯನ್ನು ತೋರಿಸುತ್ತವೆ. ವೈಲ್ಡರ್ ಮೊದಲ 32 ಸ್ಪರ್ಧೆಗಳನ್ನೂ ನಾಕೌಟ್‌ನಿಂದ ಗೆದ್ದರು. 2015ರ ಜನವರಿಯಲ್ಲಿ ಬರ್ಮೇನ್ ಸ್ಟಿವರ್ನ್ ಎಂಬ ವಿಶ್ವ ಚಾಂಪಿಯನ್ ಎದುರು ಬಂದಾಗ ಹನ್ನೆರಡು ರೌಂಡುಗಳನ್ನೂ ಆಡಿ ಅಂಕಗಳ ಮೇಲೆ ಗೆಲ್ಲಬೇಕಾಯಿತು. ಅವರ ಬಲ ಸುಳ್ಳೆಂದು ಇದರ ಅರ್ಥವಲ್ಲ, ಏಕೆಂದರೆ ಅದೇ ಸ್ಟಿವರ್ನ್ ಅವರನ್ನು 2017ರಲ್ಲಿ ಮೊದಲ ರೌಂಡಿನಲ್ಲೇ ಮಲಗಿಸಿದರು. 32 ಎಂಬ ಅಂಕಿಯಿಂದ ತಿಳಿಯದಿದ್ದದ್ದು ಸ್ಟಿವರ್ನ್ ಎಂಬ ಒಬ್ಬನೇ ವ್ಯಕ್ತಿಯ ಮೇಲಿನ ಎರಡು ಸ್ಪರ್ಧೆಗಳಿಂದ ತಿಳಿಯುತ್ತದೆ.

ಇನ್ನು ಯಂತ್ರಗಳ ಮಾತು. ನಮ್ಮ ಶರಣಬಸವೇಶ್ವರ ಜಾತ್ರೆಯಂಥ ಕಡೆ ಗುದ್ದಿದರೆ ಅಂಕಿ ತೋರಿಸುವ ಪೆಟ್ಟಿಗೆಯ ಮುಂದೆ ನಿಂತವರಿಗೆಲ್ಲ ಗೊತ್ತಿರುವಂತೆ, ಮೈಯನ್ನು ಪೂರ್ತಿ ಎಸೆದು ಓಡಿಬಂದು ಹೊಡೆದವನಿಗೆ ದೊಡ್ಡ ಅಂಕಿ ಬರುತ್ತದೆ. ರಿಂಗಿನೊಳಗೆ ಹಾಗೆ ಓಡಿಬರುವವನು ಗುರಿ ಮುಟ್ಟುವ ಮೊದಲೇ ಏಟು ತಿಂದಿರುತ್ತಾನೆ. ಪ್ರಚಾರಕ್ಕಾಗಿ ಬಳಸುವ ದೊಡ್ಡ ಯಂತ್ರಗಳದ್ದೂ ಹೆಚ್ಚು ಕಡಿಮೆ ಇದೇ ಕಥೆ: ಅವು ತೋರಿಸುವ ಅಂಕಿ ಆ ತಯಾರಕನ ಸ್ವಂತ ಮಾನದ್ದು, ನ್ಯೂಟನ್‌ಗಳಲ್ಲಿ ಅಳೆದ ಬಲವಲ್ಲ, ಹಾಗಾಗಿ ಒಂದು ಯಂತ್ರದ ಅಂಕಿಯನ್ನು ಇನ್ನೊಂದರ ಪಕ್ಕ ಇಡುವಂತಿಲ್ಲ. ಪ್ರಯೋಗಾಲಯದಲ್ಲಿ ಅಳೆದದ್ದು ಬೇರೆ. 1985ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಹೆವಿವೇಟ್ ಬಾಕ್ಸರ್ ಫ್ರಾಂಕ್ ಬ್ರೂನೋ ಅವರ ಗುದ್ದಿನ ಅಳತೆ ಪ್ರಕಟವಾಯಿತು. ಅವರ ಮುಷ್ಟಿ ಸೆಕೆಂಡಿಗೆ 8.9 ಮೀಟರ್ ವೇಗದಲ್ಲಿ ಬಂದು ಮುಟ್ಟಿತು, ಗರಿಷ್ಠ ಬಲ 4096 ನ್ಯೂಟನ್‌ಗೆ ಏರಿತು. ಅದು ಸುಮಾರು 417 ಕಿಲೋ ತೂಕದ ಒತ್ತಡಕ್ಕೆ ಸಮ. ಮೆತ್ತೆ ಸುತ್ತಿದ 6 ಕಿಲೋ ತೂಕದ ಮರದ ಕೊಡತಿಯನ್ನು ಗಂಟೆಗೆ 32 ಕಿಲೋಮೀಟರ್ ವೇಗದಲ್ಲಿ ಬೀಸಿದಂತೆ ಎಂದು ಸಂಶೋಧಕರು ಅದನ್ನು ವಿವರಿಸಿದರು. ಅಂದರೆ ಒಳ್ಳೆಯ ಹೆವಿವೇಟ್ ಬಾಕ್ಸರನ ಗುದ್ದಿನ ಹಿಂದೆ ಬರಿಯ ಕೈಯ ತೂಕ ಇರುವುದಿಲ್ಲ. ಭುಜ, ಬೆನ್ನು, ಸೊಂಟ, ಕಾಲುಗಳ ತೂಕದಲ್ಲಿ ಒಂದು ಪಾಲು ಅದರೊಂದಿಗೆ ಸಾಗಿಬರುತ್ತದೆ. ಆದರೂ ಈ ಅಂಕಿಯನ್ನು ಹಿಡಿದು ಬ್ರೂನೋ ಅವರನ್ನು ಟೈಸನ್ ಜೊತೆ ಹೋಲಿಸಲು ಬರುವುದಿಲ್ಲ. ಟೈಸನ್, ಫೋರ್‌ಮನ್, ಲೂಯಿಸ್ ಅವರನ್ನು ಅದೇ ಉಪಕರಣದ ಮುಂದೆ ಯಾರೂ ನಿಲ್ಲಿಸಿಲ್ಲ.

ಕಾಲಿನ ಮಾತು ಬಂದದ್ದರಿಂದ ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ತೆಗೆದುಹಾಕುವುದು ಒಳ್ಳೆಯದು. ನಮ್ಮ ಕಡೆಯ ತಾಲೀಮುಗಳಲ್ಲಿ ಗುಂಡು ಎತ್ತುವವನನ್ನೂ ದೊಡ್ಡ ತೋಳಿನವನನ್ನೂ ನೋಡಿ ಇವನ ಏಟು ತಡೆಯಲಾಗದು ಎಂದು ಹಿರಿಯರೂ ಹೇಳುತ್ತಾರೆ. ಸೋವಿಯತ್ ಒಕ್ಕೂಟದಲ್ಲಿ ನುರಿತ ಬಾಕ್ಸರ್‌ಗಳ ಮೇಲೆ ನಡೆದ ಅಧ್ಯಯನವೊಂದು ನೇರ ಗುದ್ದಿನ ಬಲದಲ್ಲಿ ತೋಳಿನ ಪಾಲು ಸುಮಾರು ಕಾಲುಭಾಗ ಮಾತ್ರ, ಉಳಿದದ್ದು ಹಿಂಗಾಲಿನ ನೂಕು ಮತ್ತು ಸೊಂಟ ಮುಂಡಗಳ ತಿರುವಿನಿಂದ ಬರುತ್ತದೆ ಎಂದು ಕಂಡುಕೊಂಡಿತು. ವೈಲ್ಡರ್ ಅವರ ಕಾಲುಗಳು ಕಡ್ಡಿಯಂತಿದ್ದರೂ ಅವರ ಬಲಗೈ ಅಷ್ಟು ಭೀಕರವಾಗಿರುವುದು ಹೇಗೆ ಎಂದು ಹುಡುಗರು ಕೇಳುತ್ತಾರೆ. ಸ್ನಾಯು ಎಷ್ಟು ದಪ್ಪ ಎನ್ನುವುದಕ್ಕಿಂತ ನೆಲದಿಂದ ಹೊರಟ ನೂಕು ಎಲ್ಲಿಯೂ ಸೋರದೆ ಸರಿಯಾದ ಹೊತ್ತಿಗೆ ಮುಷ್ಟಿಯನ್ನು ತಲುಪುತ್ತದೆಯೇ ಎನ್ನುವುದು ಮುಖ್ಯ. ಅದರ ಜೊತೆಗೆ ಉದ್ದವಾದ ತೋಳು ಮುಷ್ಟಿಗೆ ವೇಗ ಪಡೆಯಲು ಹೆಚ್ಚಿನ ದಾರಿಯನ್ನೂ ಕೊಡುತ್ತದೆ.

ಗುದ್ದಿನ ಬಲ ಒಂದೇ ಬಗೆಯದಲ್ಲ ಎಂಬುದು ನನಗೆ ಮನದಟ್ಟಾದದ್ದು ಬಾಕ್ಸಿಂಗ್ ನೋಡಿ ಅಲ್ಲ, ಶಹಾಬಾದಿನ ಫರಸಿ ಕಲ್ಲಿನ ಗಣಿಗಳಲ್ಲಿ ಕೆಲಸಗಾರರನ್ನು ನೋಡಿ. ಪದರ ಪದರವಾಗಿ ಕೂತ ಆ ಸುಣ್ಣಕಲ್ಲನ್ನು ಎಬ್ಬಿಸುವಾಗ ಒಬ್ಬನು ದೊಡ್ಡ ಸುತ್ತಿಗೆಯನ್ನು ನಿಧಾನವಾಗಿ ಎತ್ತಿ ಬೆಣೆಯ ಮೇಲೆ ಇಳಿಸುತ್ತಾನೆ, ಬಂಡೆಯೇ ಕದಲುತ್ತದೆ. ಪಕ್ಕದಲ್ಲಿ ಇನ್ನೊಬ್ಬನು ಸಣ್ಣ ಸುತ್ತಿಗೆಯಿಂದ ಉಳಿಯ ತಲೆಗೆ ಚುರುಕಾಗಿ ಒಂದು ಏಟು ಕೊಡುತ್ತಾನೆ. ಬಂಡೆ ಕದಲುವುದಿಲ್ಲ, ಆದರೆ ಪದರ ಸೀಳುತ್ತದೆ. ಮೊದಲನೆಯ ಬಗೆ ಫೋರ್‌ಮನ್ ಅವರದು. ಅವರ ಹೊಡೆತ ತೋಳಿಗೆ ಬೀಳಲಿ, ಭುಜಕ್ಕೆ ಬೀಳಲಿ, ಎದುರಾಳಿಯ ಇಡೀ ದೇಹ ಜಾಗ ಬಿಟ್ಟು ಸರಿಯುತ್ತಿತ್ತು. ರಕ್ಷಣೆಗೆ ಅಡ್ಡಹಿಡಿದ ಕೈ ಅವರೆದುರು ಅರ್ಧ ರಕ್ಷಣೆ ಮಾತ್ರ. ಎರಡನೆಯ ಬಗೆ ಜೋ ಲೂಯಿಸ್ ಅವರದು. ಕೆಲವೇ ಅಂಗುಲ ದೂರದಿಂದ ಹೊರಟ ಅವರ ಬಲಗೈ ಗದ್ದವನ್ನು ಪಕ್ಕಕ್ಕೆ ತಟ್ಟಿದರೆ ತಲೆ ಥಟ್ಟನೆ ತಿರುಗುತ್ತಿತ್ತು. ಗದ್ದವು ಸನ್ನೆಕೋಲಿನ ತುದಿಯಿದ್ದಂತೆ. ಅಲ್ಲಿ ಬಿದ್ದ ಏಟು ತಲೆಯನ್ನು ಬೇಗನೆ ತಿರುಗಿಸುತ್ತದೆ, ತಲೆಬುರುಡೆಯ ವೇಗಕ್ಕೆ ಒಳಗಿನ ಮೆದುಳು ಹೊಂದಿಕೊಳ್ಳಲಾರದೆ ಹಿಂದುಳಿಯುತ್ತದೆ, ಪ್ರಜ್ಞೆ ತಪ್ಪುತ್ತದೆ. ನೇರವಾಗಿ ಹಣೆಗೆ ಬಿದ್ದ ಇನ್ನೂ ಭಾರವಾದ ಏಟು ಇಷ್ಟು ಹಾನಿ ಮಾಡದೆ ಹೋಗಬಹುದು. ಲೂಯಿಸ್ ದೇಹಕ್ಕೆ ಹೊಡೆದಾಗಲೂ ಅದೇ ಚುರುಕು ಇರುತ್ತಿತ್ತು: 1938ರ ಜೂನ್ 22ರಂದು 124 ಸೆಕೆಂಡುಗಳಲ್ಲಿ ಮುಗಿದ ಸ್ಪರ್ಧೆಯಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಅವರ ಬೆನ್ನುಮೂಳೆಯ ಚಾಚೊಂದು ಮುರಿದಿತ್ತು.

ಹೀಗಿರುವಾಗ ನಂಬಲರ್ಹವಾದ ಅಳತೆ ಯಾವುದು? ಹೊಡೆದವನ ದಾಖಲೆಯನ್ನು ಬದಿಗಿಟ್ಟು ಹೊಡೆಸಿಕೊಂಡವನ ದಾಖಲೆಯನ್ನು ಓದುವುದು ನಾನು ಅನುಸರಿಸುವ ವಿಧಾನ. ಗಟ್ಟಿತನಕ್ಕೆ ಹೆಸರಾದ ಬಾಕ್ಸರನೊಬ್ಬನನ್ನು ಆರಿಸಿಕೊಂಡು, ಬೇರೆ ಬೇರೆಯವರ ಗುದ್ದುಗಳು ಅವನ ಮೇಲೆ ಏನು ಮಾಡಿದವು ಎಂದು ನೋಡಬೇಕು. ಫ್ರೇಜಿಯರ್ ಅವರನ್ನೇ ತೆಗೆದುಕೊಳ್ಳೋಣ. ಮುಹಮ್ಮದ್ ಅಲಿ ಅವರೊಂದಿಗೆ ಮೂರು ಸ್ಪರ್ಧೆಗಳಲ್ಲಿ ಒಟ್ಟು 41 ರೌಂಡುಗಳನ್ನು ಆಡಿದ ಫ್ರೇಜಿಯರ್ ಒಮ್ಮೆಯೂ ಅಲಿಯವರ ಗುದ್ದಿಗೆ ನೆಲ ಮುಟ್ಟಲಿಲ್ಲ. ಅದೇ ಫ್ರೇಜಿಯರ್ 1973ರ ಜನವರಿ 22ರಂದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ, ಆವರೆಗೆ ಸೋಲನ್ನೇ ಕಾಣದ ವಿಶ್ವ ಚಾಂಪಿಯನ್ ಆಗಿದ್ದಾಗ, ಫೋರ್‌ಮನ್ ಎದುರು ಎರಡು ರೌಂಡುಗಳೊಳಗೆ ಆರು ಬಾರಿ ಬಿದ್ದರು. ಅಲಿಯವರ ಗುದ್ದಿನಲ್ಲಿ ಬಲ ಇರಲಿಲ್ಲ ಎಂದಲ್ಲ. ಫೋರ್‌ಮನ್ ಅವರ ಬಲ ಬೇರೊಂದು ಅಳತೆಯದು ಎಂದು ಈ ಎರಡು ಸಾಲುಗಳು ಯಾವ ಯಂತ್ರಕ್ಕಿಂತಲೂ ಸ್ಪಷ್ಟವಾಗಿ ಹೇಳುತ್ತವೆ.

ಕೆನ್ ನಾರ್ಟನ್ ಅವರ ದಾಖಲೆ ಇನ್ನೂ ಹೆಚ್ಚು ಕಲಿಸುತ್ತದೆ. 1973ರಲ್ಲಿ ಅಲಿಯವರ ದವಡೆ ಮುರಿದು ಹನ್ನೆರಡು ರೌಂಡುಗಳಲ್ಲಿ ಗೆದ್ದವರು ಅವರು. 1978ರ ಜೂನ್‌ನಲ್ಲಿ ಲ್ಯಾರಿ ಹೋಮ್ಸ್ ಎದುರು ಹದಿನೈದು ರೌಂಡುಗಳ ಉದ್ದಕ್ಕೂ ಹೋರಾಡಿ ಕೂದಲೆಳೆಯ ಅಂತರದಿಂದ ಸೋತವರೂ ಅವರೇ. ಅವರನ್ನು 1974ರಲ್ಲಿ ಕರಾಕಸ್ ನಗರದಲ್ಲಿ ಫೋರ್‌ಮನ್ ಎರಡನೆಯ ರೌಂಡಿನಲ್ಲಿ ಮುಗಿಸಿದರು. 1979ರ ಮಾರ್ಚ್‌ನಲ್ಲಿ ಅರ್ನಿ ಶೇವರ್ಸ್ ಮೊದಲ ರೌಂಡಿನಲ್ಲೇ ಮುಗಿಸಿದರು. 1981ರಲ್ಲಿ ಜೆರ್ರಿ ಕೂನಿ 54 ಸೆಕೆಂಡುಗಳಲ್ಲಿ ಮುಗಿಸಿದರು. ಬರಿಯ ಸಮಯವನ್ನು ನೋಡಿದರೆ ಕೂನಿ ಮೊದಲು, ಶೇವರ್ಸ್ ಎರಡನೆಯವರು, ಫೋರ್‌ಮನ್ ಕೊನೆಯವರು ಎಂದಾಗುತ್ತದೆ. ಆದರೆ ನಾರ್ಟನ್ ಹುಟ್ಟಿದ್ದು 1943ರಲ್ಲಿ. ಫೋರ್‌ಮನ್ ಎದುರಿಸಿದ್ದು ಮೂವತ್ತರ ಹರೆಯದ, ಶಕ್ತಿಯ ತುದಿಯಲ್ಲಿದ್ದ ನಾರ್ಟನ್ ಅವರನ್ನು. ಕೂನಿ ಎದುರಿಸಿದ್ದು ನಿವೃತ್ತಿಯ ಅಂಚಿನಲ್ಲಿದ್ದವರನ್ನು. ಶೇವರ್ಸ್ ನಡುವೆ ನಿಲ್ಲುತ್ತಾರೆ: ಹೋಮ್ಸ್ ಜೊತೆಗಿನ ಆ ಹದಿನೈದು ರೌಂಡುಗಳಾಗಿ ಆಗ ಒಂಬತ್ತು ತಿಂಗಳು ಮಾತ್ರ ಕಳೆದಿದ್ದವು. ಇನ್ನೊಂದು ಎಚ್ಚರಿಕೆಯೂ ಬೇಕು. ಮುನ್ನುಗ್ಗಿ ಹೊಡೆಯುವವರ ಎದುರು ಹಿಂದಕ್ಕೆ ಸರಿಯುವಾಗ ನಾರ್ಟನ್ ಅವರ ಕಾವಲು ಸಡಿಲವಾಗುತ್ತಿತ್ತು. ಆದ್ದರಿಂದ ಈ ಮೂರು ಸೋಲುಗಳಲ್ಲಿ ಒಂದಷ್ಟು ಪಾಲು ಅವರ ಶೈಲಿಗೂ ಸೇರಬೇಕು.

ಹೋಮ್ಸ್ ಮೂರನೆಯ ಸಾಕ್ಷಿ. 75 ಸ್ಪರ್ಧೆಗಳ ದೀರ್ಘ ವೃತ್ತಿಯಲ್ಲಿ ಅವರನ್ನು ಅವಧಿಗೆ ಮುನ್ನ ಸೋಲಿಸಿದವರು ಟೈಸನ್ ಒಬ್ಬರೇ. 1988ರ ಜನವರಿ 22ರಂದು, ನಾಲ್ಕನೆಯ ರೌಂಡಿನಲ್ಲಿ. 1979ರಲ್ಲಿ ಶೇವರ್ಸ್ ಏಳನೆಯ ರೌಂಡಿನಲ್ಲಿ ಒಂದೇ ಬಲಗೈ ಹೊಡೆತದಿಂದ ಅವರನ್ನು ಅಂಗಾತ ಕೆಡವಿದ್ದರು, ಆದರೆ ಹೋಮ್ಸ್ ಎದ್ದು ನಿಂತು ಹನ್ನೊಂದನೆಯ ರೌಂಡಿನಲ್ಲಿ ಗೆದ್ದರು. ಫಲಿತಾಂಶವನ್ನಷ್ಟೇ ನೋಡುವವನು ಟೈಸನ್ ಅವರನ್ನು ಮೇಲಿಡುತ್ತಾನೆ. ಟೈಸನ್ ಎದುರು ನಿಂತಾಗ ಹೋಮ್ಸ್ ಅವರಿಗೆ 38 ವರ್ಷ ವಯಸ್ಸು, ಸುಮಾರು ಎರಡು ವರ್ಷ ರಿಂಗಿನಿಂದ ದೂರ ಉಳಿದು ಬಂದಿದ್ದರು; ಶೇವರ್ಸ್ ಕೆಡವಿದ್ದು ಸೋಲರಿಯದ ಚಾಂಪಿಯನ್ ಹೋಮ್ಸ್ ಅವರನ್ನು. ಇಬ್ಬರ ಗುದ್ದನ್ನೂ ತಿಂದ ಹೋಮ್ಸ್ ಸ್ವತಃ ಶೇವರ್ಸ್ ಅವರ ಹೊಡೆತವೇ ಹೆಚ್ಚು ಭಾರವೆಂದು ಹೇಳಿದ್ದಾರೆ. 1977ರಲ್ಲಿ ಶೇವರ್ಸ್ ಜೊತೆ ಹದಿನೈದು ರೌಂಡು ಆಡಿ ಗೆದ್ದ ಅಲಿ, ಆ ಗುದ್ದಿಗೆ ಆಫ್ರಿಕಾದಲ್ಲಿರುವ ತಮ್ಮ ಬಳಗವೂ ನಡುಗಿತು ಎಂಬರ್ಥದ ಮಾತಾಡಿದ್ದು ಬಾಕ್ಸಿಂಗ್ ಪ್ರಿಯರಿಗೆಲ್ಲ ಪರಿಚಿತ. ಏಟು ತಿಂದವರ ಹೇಳಿಕೆಗೆ ನಾನು ಬಹಳ ಬೆಲೆ ಕೊಡುತ್ತೇನೆ, ಆದರೆ ಒಂದು ಶರತ್ತಿನ ಮೇಲೆ: ತನ್ನನ್ನು ಸೋಲಿಸಿದವನನ್ನು ಹೊಗಳುವುದು ತನ್ನ ಸೋಲಿಗೆ ಸಮಾಧಾನವೂ ಆಗಬಹುದಾದ್ದರಿಂದ, ಗೆದ್ದವನು ಸೋತವನ ಬಗ್ಗೆ ಹೇಳಿದ ಮಾತನ್ನು ಹೆಚ್ಚು ನಂಬಬೇಕು. ಹೋಮ್ಸ್, ಅಲಿ ಇಬ್ಬರೂ ಶೇವರ್ಸ್ ಅವರನ್ನು ಗೆದ್ದವರು.

ಮುಂದಿನ ಪ್ರಶ್ನೆ, ಆ ಬಲ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು. ಟೈಸನ್ ಅವರ ಭಯಂಕರ ಗೆಲುವುಗಳು ಬೇಗ ಮುಗಿದವು. 1986ರ ನವೆಂಬರ್‌ನಲ್ಲಿ ಇಪ್ಪತ್ತರ ವಯಸ್ಸಿನಲ್ಲಿ ಟ್ರೆವರ್ ಬರ್ಬಿಕ್ ಅವರನ್ನು ಎರಡನೆಯ ರೌಂಡಿನಲ್ಲಿ ಸೋಲಿಸಿ ಅತಿ ಕಿರಿಯ ಹೆವಿವೇಟ್ ಚಾಂಪಿಯನ್ ಆದಾಗ, ಬರ್ಬಿಕ್ ಒಂದೇ ಎಡ ಹುಕ್ಕಿಗೆ, ಅಂದರೆ ಮೊಣಕೈ ಬಾಗಿಸಿ ಪಕ್ಕದಿಂದ ಬೀಸಿದ ಎಡಗೈ ಹೊಡೆತಕ್ಕೆ ಬಿದ್ದು, ಏಳಲು ಹೋಗಿ ಮತ್ತೆ ಮತ್ತೆ ಮುಗ್ಗರಿಸಿದ ದೃಶ್ಯವನ್ನು ಕಂಡವರು ಮರೆಯಲಾರರು. 1988ರಲ್ಲಿ ಅಜೇಯರಾಗಿದ್ದ ಮೈಕಲ್ ಸ್ಪಿಂಕ್ಸ್ ಅವರಿಗೆ 91 ಸೆಕೆಂಡುಗಳೇ ಸಾಕಾದವು. ಆದರೆ ಎದುರಾಳಿ ಅಪ್ಪಿಹಿಡಿದೋ ತಾಳಿಕೊಂಡೋ ಮಧ್ಯದ ರೌಂಡುಗಳನ್ನು ದಾಟಿದರೆ ಸ್ಪರ್ಧೆ ಹೆಚ್ಚಾಗಿ ಅಂಕಗಳತ್ತ ಹೋಗುತ್ತಿತ್ತು. 1987ರಲ್ಲಿ ಜೇಮ್ಸ್ ಸ್ಮಿತ್ ಮತ್ತು ಟೋನಿ ಟಕರ್ ಇಬ್ಬರೂ ಅವರೆದುರು ಹನ್ನೆರಡು ರೌಂಡು ನಿಂತರು. ಟೈಸನ್ ಅವರ ಬಲ ಒಂದು ಗುದ್ದಿನಲ್ಲಿ ಇದ್ದುದಕ್ಕಿಂತ ಎರಡನೆಯ, ಮೂರನೆಯ ಗುದ್ದು ಬರುವ ವೇಗದಲ್ಲಿತ್ತು. ಪಕ್ಕೆಗೆ ಬಿದ್ದದ್ದು ಅರಿವಾಗುವ ಮೊದಲೇ ಗದ್ದಕ್ಕೆ ಬಿದ್ದಿರುತ್ತಿತ್ತು. ಬರುವುದು ಕಾಣದ ಹೊಡೆತಕ್ಕೆ ಕತ್ತು ಬಿಗಿಯುವುದಿಲ್ಲ, ಆದ್ದರಿಂದ ಅಷ್ಟೇ ಬಲಕ್ಕೆ ಎರಡು ಪಟ್ಟು ಪರಿಣಾಮವಾದಂತೆ ತೋರುತ್ತದೆ.

ತಡವಾದ ರೌಂಡುಗಳಲ್ಲೂ ಒಂದೇ ಹೊಡೆತದಿಂದ ಫಲಿತಾಂಶ ತಿರುಗಿಸಿದವರಲ್ಲಿ ರಾಕಿ ಮಾರ್ಸಿಯಾನೊ ಎದ್ದು ಕಾಣುತ್ತಾರೆ. 1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ಅಂಕಗಳಲ್ಲಿ ಹಿಂದಿದ್ದ ಅವರು ಹದಿಮೂರನೆಯ ರೌಂಡಿನಲ್ಲಿ ಜರ್ಸಿ ಜೋ ವಾಲ್ಕಾಟ್ ಅವರನ್ನು ಒಂದು ಚಿಕ್ಕ ಬಲಗೈ ಹೊಡೆತದಿಂದ ಕುಸಿಯುವಂತೆ ಮಾಡಿದರು. ವೈಲ್ಡರ್ ಅವರದೂ ಇದೇ ಗುಣ. 2019ರ ನವೆಂಬರ್‌ನಲ್ಲಿ ಲೂಯಿಸ್ ಆರ್ಟಿಸ್ ಎದುರು ಅಂಕಗಳಲ್ಲಿ ಹಿಂದಿದ್ದರೂ ಏಳನೆಯ ರೌಂಡಿನ ಒಂದು ನೇರ ಬಲಗೈ ಎಲ್ಲವನ್ನೂ ಮುಗಿಸಿತು. 2018ರ ಡಿಸೆಂಬರ್‌ನಲ್ಲಿ ತಮಗಿಂತ ಸುಮಾರು ಇಪ್ಪತ್ತು ಕಿಲೋ ಹೆಚ್ಚು ತೂಗುತ್ತಿದ್ದ ಟೈಸನ್ ಫ್ಯೂರಿ ಅವರನ್ನು ಹನ್ನೆರಡನೆಯ ರೌಂಡಿನಲ್ಲಿ ಅಂಗಾತ ಮಲಗಿಸಿದರು. ಫ್ಯೂರಿ ಎದ್ದರು, ಸ್ಪರ್ಧೆ ಸಮವಾಯಿತು, ಮುಂದಿನ ಎರಡು ಸ್ಪರ್ಧೆಗಳನ್ನು ಫ್ಯೂರಿಯೇ ಗೆದ್ದರು. (2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ವಿಜೇಂದರ್ ಸಿಂಗ್ ಮಿಡಲ್‌ವೇಟ್‌ನಲ್ಲಿ ಕಂಚು ಗೆದ್ದಾಗ ಹೆವಿವೇಟ್ ವಿಭಾಗದಲ್ಲಿ ಕಂಚು ಗೆದ್ದವರಲ್ಲಿ ವೈಲ್ಡರ್ ಇದ್ದರು ಎಂದು ಹೇಳಿದರೆ ನಮ್ಮ ಹುಡುಗರಿಗೆ ಅವರು ಸ್ವಲ್ಪ ಹತ್ತಿರದವರಾಗುತ್ತಾರೆ.)

ಕಾಲದ ವ್ಯತ್ಯಾಸವನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು. ವಾಲ್ಕಾಟ್ ಎದುರು ಮಾರ್ಸಿಯಾನೊ ತೂಗಿದ್ದು ಸುಮಾರು 83 ಕಿಲೋ, ಇಂದು 90.7 ಕಿಲೋ ಮೀರಿದವರಿಗೆ ಮಾತ್ರ ಹೆವಿವೇಟ್ ಎಂಬ ಹೆಸರು, ಹಾಗಾಗಿ ಅವರು ಅದಕ್ಕಿಂತ ಕೆಳಗಿನ ಕ್ರೂಸರ್‌ವೇಟ್ ವಿಭಾಗಕ್ಕೆ ಸೇರುತ್ತಿದ್ದರು. ತೂಕಕ್ಕೆ ತಕ್ಕ ಬಲದಲ್ಲಿ ಅವರನ್ನು ಮೀರಿಸುವವರು ವಿರಳ. ಇಂದಿನ 115 ಕಿಲೋ ದೇಹಗಳನ್ನು ಅದೇ ಗುದ್ದು ಕೆಡವುತ್ತಿತ್ತು ಎನ್ನುವುದು ಬೇರೆ ಮಾತು. ಹೆವಿವೇಟ್ ಬಾಕ್ಸರ್‌ಗಳ ಇಂದಿನ ಗ್ಲೌಸ್ 10 ಔನ್ಸ್ ತೂಗುತ್ತದೆ, ಹಿಂದಿನದು ಹಗುರವಾಗಿತ್ತು ಎಂಬುದನ್ನೂ ಹಳೆಯ ಸ್ಪರ್ಧೆಗಳನ್ನು ನೋಡುವಾಗ ನೆನಪಿಡಬೇಕು.

ಇಷ್ಟಾದ ಮೇಲೆ ಆಯ್ಕೆಯು ಪ್ರಶ್ನೆಯನ್ನು ಅವಲಂಬಿಸುತ್ತದೆ. ಹೋರಾಟದ ಯಾವ ಗಳಿಗೆಯಲ್ಲೂ ಒಂದೇ ಗುದ್ದಿನಿಂದ ಎಲ್ಲವನ್ನೂ ಮುಗಿಸಬಲ್ಲವರು ಯಾರೆಂದು ಕೇಳಿದರೆ ನಾನು ವೈಲ್ಡರ್ ಅವರ ಬಲಗೈಯನ್ನು ಆರಿಸುತ್ತೇನೆ. ಅತಿ ಕಡಿಮೆ ದೂರದಲ್ಲಿ, ಅತ್ಯಂತ ಶುದ್ಧವಾಗಿ ಹೊಡೆದವರು ಯಾರೆಂದರೆ ಲೂಯಿಸ್. ಅಲ್ಲಿ ನನಗೆ ಎರಡನೆಯ ಹೆಸರು ಹೊಳೆಯುವುದೇ ಇಲ್ಲ. ಮೊದಲ ಮೂರು ರೌಂಡುಗಳಲ್ಲಿ ಯಾರನ್ನು ಎದುರಿಸುವುದು ಅತಿ ಅಪಾಯ ಎಂದರೆ 1986ರಿಂದ 1988ರವರೆಗಿನ ಟೈಸನ್. ಎಡ ಹುಕ್ ಒಂದನ್ನೇ ಎಣಿಸುವುದಾದರೆ 1971ರ ಮಾರ್ಚ್ 8ರಂದು ಹದಿನೈದನೆಯ ರೌಂಡಿನಲ್ಲಿ ಅಲಿಯವರನ್ನು ಕೆಡವಿದ ಫ್ರೇಜಿಯರ್. 1996ರಲ್ಲಿ ಜಾನ್ ರೂಯಿಜ್ ಅವರನ್ನು 19 ಸೆಕೆಂಡುಗಳಲ್ಲಿ ಮುಗಿಸಿದ ಡೇವಿಡ್ ಟುವಾ ಅವರ ಹೆಸರನ್ನೂ ಅದರ ಪಕ್ಕದಲ್ಲಿ ಬರೆಯಬೇಕು.

ಯಾವ ಷರತ್ತೂ ಇಲ್ಲದೆ, ಬರಿಯ ಭಾರದಲ್ಲಿ ಯಾರ ಗುದ್ದು ದೊಡ್ಡದು ಎಂಬ ಪ್ರಶ್ನೆಗೆ ಇಬ್ಬರೇ ಉಳಿಯುತ್ತಾರೆ: ಫೋರ್‌ಮನ್ ಮತ್ತು ಶೇವರ್ಸ್. ಏಟು ತಿಂದವರ ಮಾತುಗಳನ್ನೇ ತೂಗಿದರೆ ತಕ್ಕಡಿ ಶೇವರ್ಸ್ ಕಡೆಗೆ ವಾಲುತ್ತದೆ. ಹಾಗಿದ್ದೂ ಶೇವರ್ಸ್ ಕೆಡವಿದ ಹೋಮ್ಸ್ ಎದ್ದು ಗೆದ್ದರು. ಶೇವರ್ಸ್ ಕೆಡವಿದ ರಾನ್ ಲೈಲ್ ಕೂಡ 1975ರಲ್ಲಿ ಎದ್ದು ಗೆದ್ದರು. ಫೋರ್‌ಮನ್ ಅವರನ್ನು ಕೆಡವಿದ ಅದೇ ಲೈಲ್ 1976ರಲ್ಲಿ ಐದನೆಯ ರೌಂಡಿನಲ್ಲಿ ಫೋರ್‌ಮನ್ ಎದುರು ಬಿದ್ದವರು ಮತ್ತೆ ಏಳಲಿಲ್ಲ. 1974ರಲ್ಲಿ ಕಿನ್ಶಾಸಾದಲ್ಲಿ ಅಲಿ ಎದುರು ಎಂಟನೆಯ ರೌಂಡಿನ ಹೊತ್ತಿಗೆ ದಣಿದು ಸೋತದ್ದು ಫೋರ್‌ಮನ್ ಅವರ ಬಲಕ್ಕೆ ಮಿತಿ ಇತ್ತೆಂಬುದಕ್ಕೆ ಸಾಕ್ಷಿ, ಅದನ್ನು ಮರೆಮಾಚಬಾರದು. ಆದರೆ ಇಪ್ಪತ್ತು ವರ್ಷಗಳ ನಂತರ, 1994ರ ನವೆಂಬರ್ 5ರಂದು, 45ರ ವಯಸ್ಸಿನಲ್ಲಿ, ವೇಗವೆಲ್ಲ ಹೋದ ಮೇಲೂ ಹತ್ತನೆಯ ರೌಂಡಿನಲ್ಲಿ ಮೈಕಲ್ ಮೂರರ್ ಅವರನ್ನು ಒಂದು ಚಿಕ್ಕ ಬಲಗೈಯಿಂದ ಮಲಗಿಸಿ ಮತ್ತೆ ಚಾಂಪಿಯನ್ ಆದರು. ವೇಗ ಸವೆಯುತ್ತದೆ, ಕಾಲು ಸವೆಯುತ್ತದೆ. ಅವರ ಗುದ್ದಿನ ಭಾರ ಸವೆಯಲಿಲ್ಲ. ನನ್ನ ಆಯ್ಕೆ ಫೋರ್‌ಮನ್.

ಇದನ್ನು ಒಪ್ಪದವರು ಕಿಂಗ್‌ಸ್ಟನ್‌ನ ಆ ಎರಡು ರೌಂಡುಗಳನ್ನು ಧ್ವನಿ ನಿಲ್ಲಿಸಿ ನೋಡಲಿ. ವೀಕ್ಷಕವಿವರಣೆಯ ಕೂಗು ಇಲ್ಲದಿದ್ದಾಗ ಕಣ್ಣು ಸರಿಯಾದ ಕಡೆ ಹೋಗುತ್ತದೆ. ಫೋರ್‌ಮನ್ ಅವರ ಮುಷ್ಟಿಯನ್ನು ಬಿಟ್ಟು ಫ್ರೇಜಿಯರ್ ಅವರ ಪಾದಗಳನ್ನೇ ಗಮನಿಸಬೇಕು. ಎರಡನೆಯ ರೌಂಡಿನಲ್ಲಿ, ಸುಮಾರು ತೊಂಬತ್ತೇಳು ಕಿಲೋ ತೂಗುತ್ತಿದ್ದ ಆ ಗಟ್ಟಿ ಮನುಷ್ಯನ ಎರಡೂ ಪಾದಗಳು ಒಂದೇ ಗುದ್ದಿಗೆ ನೆಲ ಬಿಡುತ್ತವೆ.